ಗಾಜಿಗೆ ಬೆನ್ನು

ಚೀಲದ ಒಂದು ಹಿಡಿಕೆ ಅತ್ತೆಯ ಕೈಯಲ್ಲಿತ್ತು, ಇನ್ನೊಂದು ಸೊಸೆಯ ಕೈಯಲ್ಲಿ. ಇಬ್ಬರೂ ಬಿಡಲಿಲ್ಲ. ತೆಳು ಪ್ಲಾಸ್ಟಿಕ್ಕು ಹಿಗ್ಗಿ ಬಿಳಿಚಿಕೊಂಡಿತು.

"ಬಿಡು. ಅವನ ಜೊತೆಗೇ ಸುಟ್ಟು ಹೋಗ್ಲಿ ಆ ದರಿದ್ರ ಬಟ್ಟೆ," ಎಂದರು ಅತ್ತೆ.

"ಆಸ್ಪತ್ರೆಯವರು ನನಗೆ ಕೊಟ್ಟಿದ್ದು. ಸಹಿ ಹಾಕಿ ತಗೊಂಡಿದೀನಿ."

"ಸಹಿಯಂತೆ! ನನ್ನ ಮಗ ಹೋದ, ಇವಳಿಗೆ ಸಹಿ."

ಹಿಡಿಕೆ ಕಿತ್ತು ಅತ್ತೆಯ ಕೈಗೆ ಬಂತು. ಚೀಲ ಬಾಯಿಬಿಟ್ಟು ಅವನ ನೀಲಿ ಸಮವಸ್ತ್ರ ನೆಲಕ್ಕೆ ಬಿತ್ತು. ಮುಂಭಾಗವನ್ನು ಕೊರಳಿಂದ ಕೆಳತನಕ ಕತ್ತರಿಯಲ್ಲಿ ಸೀಳಿದ್ದರು. ಜೊತೆಗೆ ಒಂದು ಪೆನ್ನು, ಜೇಬಿಗೆ ಸಿಕ್ಕಿಸುವ ಗಡಿಯಾರ, ಒಂದು ನೇಲ್ ಕಟರ್. ಎರಡು ಹೆಜ್ಜೆ ಆಚೆ, ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿ ಮಾಡಿದ ಜಾಗದಲ್ಲಿ, ಅವನು ಮಲಗಿದ್ದ. ಮೂವತ್ತನಾಲ್ಕು ವರ್ಷ. ಹತ್ತು ವರ್ಷ ಐಸಿಯುನಲ್ಲಿ ನರ್ಸ್ ಆಗಿದ್ದ. ನಾಲ್ಕು ದಿನದ ಹಿಂದೆ, ಇನ್ನೊಬ್ಬ ನರ್ಸಿನ ಜೊತೆ ಔಷಧದ ಚೀಟಿಯನ್ನು ಜೋರಾಗಿ ಓದಿ ತಾಳೆ ನೋಡುತ್ತಿದ್ದಾಗ, ಪ್ರಮಾಣ ಓದುವ ಮೊದಲೇ ಕುಸಿದಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅವನನ್ನು ದೂರ ಒಯ್ಯಬೇಕಾಗಲಿಲ್ಲ. ಎದುರಿನ ಹಾಸಿಗೆ ಖಾಲಿಯಿತ್ತು.

ಭಾವ ಫೋನಿನಲ್ಲಿ ವ್ಯಾನಿನವನನ್ನು ಬೈದು ಮುಗಿಸಿ ಒಳಗೆ ಬಂದರು. ತಮ್ಮನ ಮುಖ ನೋಡಿದರು.

"ಗಂಡಸಾಗಿ ಹುಟ್ಟಿ, ಕಂಡೋರನ್ನ ಹೊರಳಿಸ್ತಾ ಒರೆಸ್ತಾ ಆಯಸ್ಸು ಕಳೆದ. ಬೇಡ ಕಣೋ ಅಂತ ಬಡ್ಕೊಂಡೆ. ಕೇಳಿದ್ನಾ?"

"ಹಾಗೆಲ್ಲ ಅನ್ಬೇಡಿ, ಒಳ್ಳೆಯವನು," ಎಂದರು ಕೆಳಮನೆಯಾಕೆ. "ನಮ್ಮ ಮಗು ನೋಡೋಕೆ ಬಂದವನು, ಎತ್ಕೊಳ್ಳೋಕೆ ಮುಂಚೆ ನನಗೇ ಕೈ ತೊಳ್ಕೊಂಡು ಬನ್ನಿ ಅಂದ. ನನ್ನ ಮಗು, ನನ್ನ ಮನೆ!"

ಯಾರೋ ನಕ್ಕರು. ಅತ್ತೆ ತಿರುಗಿ ನೋಡಿದ ಮೇಲೆ ಆ ನಗು ಕೆಮ್ಮಾಯಿತು.

ಆಗಲೇ ಬಾಗಿಲಲ್ಲಿ ದೊಡ್ಡ ಸಿಸ್ಟರ್ ಕಾಣಿಸಿಕೊಂಡರು. ಐಸಿಯು ನೋಡಿಕೊಳ್ಳುವವರು ಅವರೇ. ಸಮವಸ್ತ್ರದಲ್ಲೇ ಬಂದಿದ್ದರು. ಹೊಸ್ತಿಲಲ್ಲಿ ನಿಂತು, ಅಭ್ಯಾಸಬಲದಿಂದ ಎರಡೂ ಅಂಗೈ ಉಜ್ಜಿಕೊಂಡರು.

"ಬಂದೆಯಾ ತಾಯಿ?" ಎಂದರು ಅತ್ತೆ. "ನಿನ್ನ ಕೈಯಾರೆ ಕಳಿಸಿದ್ದು ಸರಿಯಾಗಿ ತಲುಪಿದೆಯಾ ಅಂತ ನೋಡೋಕೆ ಬಂದೆಯಾ?"

"ಒಂದೂವರೆ ಗಂಟೆ ಬಿಡುವು ಕೇಳ್ಕೊಂಡು ಬಂದೆ. ಒಳಗೆ ಬರಬಹುದಾ?"

ಕೇಳಿದ್ದು ಸೊಸೆಯನ್ನು. ಅವಳು ಸಮವಸ್ತ್ರ ಮಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಪಾಸ್ ಇದೆಯಾ? ಒಂದು ಸಲಕ್ಕೆ ಇಬ್ಬರು. ಹತ್ತು ನಿಮಿಷ."

ಸಿಸ್ಟರ್ ಅಲ್ಲೇ ನಿಂತರು.

"ಹಾಗಾದ್ರೆ ಆ ಇಬ್ಬರಲ್ಲಿ ನಾನೊಬ್ಬಳು," ಎಂದು ಅವರ ಹಿಂದಿನಿಂದ ಒಂದು ದನಿ ಬಂತು. ಐವತ್ತು ದಾಟಿದ ಹೆಂಗಸು, ಸಿಸ್ಟರನ್ನು ಸರಿಸಿಕೊಂಡು ಒಳಗೆ ಬಂದಳು. ಕೊರಳಲ್ಲಿ ಅಳತೆ ಟೇಪು. ತೆಗೆದಿಡುವುದನ್ನು ಮರೆತು ಹೊಲಿಗೆ ಅಂಗಡಿಯಿಂದ ನೇರ ಬಂದ ಹಾಗಿತ್ತು. ಒಂದು ತುದಿ ಬೆನ್ನ ಮೇಲೆ ಜೋತಿತ್ತು.

"ನೀವ್ಯಾರು?" ಎಂದರು ಭಾವ.

"ಆರನೇ ಹಾಸಿಗೆ. ಎರಡು ವರ್ಷದ ಹಿಂದೆ. ಹಾಸಿಗೇಲಿ ನನ್ನ ಗಂಡ, ಆಚೆ ನಾನು. ದ್ವಾರಪಾಲಕ ಸತ್ತ ಅಂದ್ರು. ನಿಜಾನಾ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವಳು ಬಗ್ಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಮುಂದಿಂದ ಹೀಗಿದ್ನಾ?" ಎಂದಳು. "ನಾನು ನೋಡಿದ್ದು ಬರೀ ಬೆನ್ನು."

ಆಮೇಲೆ ಅವನ ಹೆಂಡತಿಯ ಕೈಯಲ್ಲಿದ್ದ ಸಮವಸ್ತ್ರ ಕಸಿದು, ತಿರುಗಿಸಿ, ಎಡ ಭುಜದ ಮೇಲೆ ಬೆರಳಿಟ್ಟಳು. ಹೊಲಿಗೆ ಎರಡಂಗುಲ ಬಿಚ್ಚಿತ್ತು.

"ಇದು ಅವನೇ. ಆವತ್ತೂ ಹೀಗೇ ಬಿಟ್ಟಿತ್ತು. ನಲವತ್ತು ನಿಮಿಷ ಇದನ್ನೇ ನೋಡ್ತಾ ನಿಂತಿದ್ದೆ. ಎರಡು ವರ್ಷದಲ್ಲಿ ಒಂದು ಸಲ ಸೂಜಿ ಸಿಗಲಿಲ್ವಾ ಈ ಮನೇಲಿ?"

ಹೆಂಡತಿ ಆ ಹೊಲಿಗೆ ನೋಡಿದ್ದು ಅದೇ ಮೊದಲು.

*

ದ್ವಾರಪಾಲಕ ಎಂದು ಹೆಸರಿಟ್ಟವರು ರೋಗಿಗಳ ಕಡೆಯವರು. ಐಸಿಯು ಬಾಗಿಲಿನಲ್ಲಿ ಅಂಗೈಯಗಲದ ಗಾಜಿತ್ತು. ಯಾರದಾದರೂ ಹೃದಯ ನಿಂತರೆ ಅವನು ಮನೆಯವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಅವರಿಗೆ ಒಳಗಿನದು ಕಾಣದ ಹಾಗೆ ಗಾಜಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅಲ್ಲಿಂದಲೇ ನಿಮಿಷಗಳನ್ನು ಕೂಗಿ ಹೇಳುತ್ತಿದ್ದ, ಯಾವ ಔಷಧ ಎಷ್ಟು ಹೊತ್ತಿಗೆ ಹೋಯಿತೆಂದು ಬರೆದುಕೊಳ್ಳುತ್ತಿದ್ದ. ಎದೆ ಒತ್ತುವ ಸರದಿ ಬಂದರೆ ಇನ್ನೊಬ್ಬರನ್ನು ಗಾಜಿಗೆ ನಿಲ್ಲಿಸಿ ಹೋಗುತ್ತಿದ್ದ.

ಉಳಿದ ಹೊತ್ತಿನಲ್ಲಿ ಅವನು ಮಾಡುತ್ತಿದ್ದುದನ್ನು ಆಚೆ ಕೂತವರು ಕಾಣುತ್ತಿರಲಿಲ್ಲ. ಗಂಟೆಗೊಮ್ಮೆ ಮೂತ್ರದ ಅಳತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲು. ಪ್ರಜ್ಞೆಯಿಲ್ಲದವರಿಗೂ ಮೊದಲು ಹೇಳಿಯೇ ಮುಟ್ಟುತ್ತಿದ್ದ: ಈಗ ಎಡಕ್ಕೆ ತಿರುಗಿಸ್ತೀನಿ, ಈಗ ಗಂಟಲಿನ ಕಫ ಎಳೀತೀನಿ, ಕೆಮ್ಮು ಬರುತ್ತೆ.

"ಅವರಿಗೆ ಕೇಳ್ಸುತ್ತಾ?" ಎಂದು ಹೆಂಡತಿ ತಮಾಷೆ ಮಾಡಿದ್ದಳು.

"ಗೊತ್ತಿಲ್ಲ. ಕೇಳಿಸಿದ್ರೆ?"

ವಾರಕ್ಕೊಮ್ಮೆ ಮನೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ತನ್ನ ಉಗುರು ಕತ್ತರಿಸುತ್ತಿದ್ದ, ಮಾಂಸಕ್ಕೆ ಹತ್ತುವಷ್ಟು ಗಿಡ್ಡ. ಅಂಥ ಒಂದು ಮಧ್ಯಾಹ್ನ ಹೇಳಿದ್ದ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ತಂದೆ ಗೋಗರೆದರೆಂದು ಒಳಗೇ ಇರಲು ಬಿಟ್ಟಿದ್ದ. ಮಗಳ ಎದೆ ಒತ್ತುವುದನ್ನು ಆ ತಂದೆ ನೋಡಲಾರದೆ ಬಂದು ಅವನ ಮಣಿಕಟ್ಟು ಹಿಡಿದುಕೊಂಡರು. ಸಾಕು ಬಿಡಿ, ನೋಯುತ್ತೆ ಅವಳಿಗೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಹನ್ನೊಂದು ಸೆಕೆಂಡು," ಎಂದ. "ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು."

"ಆ ಹನ್ನೊಂದು ಸೆಕೆಂಡಿಂದಾನೇ ಜೀವ ಹೋಯ್ತಾ?"

"ಗೊತ್ತಿಲ್ಲ. ಅದಕ್ಕೇ ಬಾಗಿಲು."

"ಒಳಗೆ ನಿನ್ನ ಕೈಯಡೀಲಿ ನಮ್ಮಮ್ಮ ಇದ್ದು, ಆಚೆ ನಾನಿದ್ರೆ?"

"ನಿನ್ನನ್ನೇ ಮೊದಲು ಆಚೆ ಹಾಕ್ತೀನಿ. ನೀನು ಕೈ ಹಿಡಿಯೋಳು."

ಅವಳಿಗೆ ಕೋಪ ಬಂದಿತ್ತು. ಎರಡು ದಿನ ಮಾತು ಬಿಟ್ಟಿದ್ದಳು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಆಸ್ಪತ್ರೆಯಲ್ಲಿದ್ದಂಥವೇ ಕಬ್ಬಿಣದ ಕುರ್ಚಿಗಳು, ಒಂದಕ್ಕೊಂದು ಬೆಸೆದವು. ಯಾರಾದರೂ ಕೂತರೆ ಸಾಲೆಲ್ಲ ಅಲುಗುತ್ತಿತ್ತು. ಸಿಸ್ಟರ್ ಬಂದು ಒಂದು ಮೂಲೆಯಲ್ಲಿ ಅಂಗೈ ಉಜ್ಜುತ್ತ ನಿಂತಿದ್ದರು. ಹೊಲಿಗೆಯವಳು ಕರೆಯದಿದ್ದರೂ ವ್ಯಾನಿನ ಹಿಂದೆಯೇ ಬಂದಿದ್ದಳು. ಹೆಂಡತಿಯ ಪಕ್ಕದಲ್ಲೇ ಕೂತಳು.

"ನಿನ್ನ ಗಂಡ ನನಗೊಂದು ಉತ್ತರ ಕೊಡಬೇಕಿತ್ತು. ನಾನು ಅಂಗಿ ಹಿಡ್ಕೊಂಡು ನಿಂತಿದ್ದೆ, ಆಚೆ. ಹತ್ತು ನಿಮಿಷ ಅಂದವನು ನಲವತ್ತು ಮಾಡಿದ. ಕೊನೇಲಿ ನಮ್ಮೋರು ಏನಂದ್ರು ಅಂತ ಅವನಿಗೊಬ್ಬನಿಗೇ ಗೊತ್ತು. ಆಮೇಲೆ ಮೂರು ಸಲ ಹೋಗಿ ಕೇಳಿದೆ. ಮೂರು ಸಲಾನೂ ನೆನಪಿಲ್ಲ ಅಂದ. ಸುಳ್ಳ. ಕಣ್ಣು ತಪ್ಪಿಸ್ತಿದ್ದ."

"ಎಂಥ ಅಂಗಿ ತಂದಿದ್ರಿ?"

"ಎಂಥ ಅಂದ್ರೆ? ಹೊಸ ಅಂಗಿ. ನಾನೇ ಹೊಲಿದಿದ್ದು. ನೀಲಿ ಗೆರೆ."

ಅವಳು ತಿರುಗಿ ಆ ಹೆಂಗಸನ್ನು ಸರಿಯಾಗಿ ನೋಡಿದಳು. ಒಂದು ಸಂಜೆ ಅವನು ಚಪ್ಪಲಿ ಬಿಡುತ್ತಲೇ ಹೇಳಿದ್ದು ನೆನಪಾಯಿತು. ಹೇಳಿ ನಕ್ಕಿದ್ದ, ನಕ್ಕು ಸುಮ್ಮನಾಗಿದ್ದ, ಊಟ ಬೇಡವೆಂದಿದ್ದ.

"ನಿಮಗೆ ಹೇಳ್ಬೇಡ ಅಂತ ಅಂದಿದ್ರಂತೆ," ಎಂದಳು.

"ಯಾರು?"

"ನಿಮ್ಮ ಯಜಮಾನರು. ಗಂಟಲಿಗೆ ನಳಿಗೆ ಹಾಕೋ ಮುಂಚೆ. ಅವಳು ಅಂಗಿ ತಂದಿರ್ತಾಳೆ, ಕಾಲರು ಕತ್ತು ಹಿಡಿಯುತ್ತೆ, ಮೂವತ್ತು ವರ್ಷದಿಂದ ಹೀಗೇ ಹೊಲೀತಾಳೆ, ಅವಳಿಗೆ ಮಾತ್ರ ಹೇಳ್ಬೇಡಪ್ಪಾ, ಅಂದ್ರಂತೆ. ಇವನು ಇಲ್ಲ ಹೇಳಲ್ಲ ಅಂದ್ನಂತೆ."

ಹೊಲಿಗೆಯವಳು ಸಟ್ಟನೆ ಎದ್ದಳು. ಸಾಲೆಲ್ಲ ಅಲುಗಿತು.

"ಸುಳ್ಳು! ಕತ್ತಿನ ಅಳತೆ ಹದಿನೈದೂವರೆ. ಒಂದು ಬೆರಳು ಆಡೋ ಜಾಗ ಬಿಟ್ಟೇ ಇಡ್ತಿದ್ದೆ. ಬಿಗಿ ಆಗೋಕೆ ಸಾಧ್ಯಾನೇ ಇಲ್ಲ."

ಟೇಪಿನ ಮೇಲೆ ಹದಿನೈದೂವರೆಯ ಗುರುತು ಹಿಡಿದು ತೋರಿಸಿದಳು.

"ಮೂವತ್ತು ವರ್ಷ ಬಾಯಿ ಬಿಡಲಿಲ್ಲವಲ್ಲ, ಕಳ್ಳ," ಎಂದಳು ಹೊಲಿಗೆಯವಳು. ದೂರ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಟೇಪಿನ ಒಂದು ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಭಾವ ಚೀಟಿ ಹಿಡಿದು ಬಂದರು. "ಒಳಗೆ ಇಬ್ಬರಿಗೆ ಮಾತ್ರ ಅಂತೆ. ಅಮ್ಮನೂ ನಾನೂ ಹೋಗ್ತೀವಿ. ನೀನು ಇಲ್ಲೇ ಇರಮ್ಮ."

"ನಾನು ಹೋಗ್ತೀನಿ."

"ಬೇಡ. ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಬಿದ್ದುಗಿದ್ದರೆ ನಿನ್ನನ್ನ ನೋಡ್ಕೊಳ್ಳೋದಾ, ಅವನನ್ನ ಕಳಿಸೋದಾ?"

"ಆವತ್ತೂ ಆಚೆ ಹಾಕಿದ್ರು. ಇವತ್ತು ಆಗಲ್ಲ ಭಾವ." ಅವಳು ಸಿಸ್ಟರ್ ಕಡೆ ತಿರುಗಿದಳು. "ಹೇಳಿ ಅವರಿಗೆ. ಹೇಗೆ ಭುಜ ಹಿಡಿದು ತಳ್ಳಿದ್ರಿ ಅಂತ. ಒಳಗೆ ಏನು ನಡೀತು ಅಂತ ನನಗೆ ಗೊತ್ತಾಗದ ಹಾಗೆ ಮಾಡಿದ್ರಿ ಅಂತ."

ಸಿಸ್ಟರ್ ಅಂಗೈ ಉಜ್ಜುವುದನ್ನು ನಿಲ್ಲಿಸಿದರು.

"ತಳ್ಳಿದೆ, ನಿಜ," ಎಂದರು. "ಇಪ್ಪತ್ತಾರು ನಿಮಿಷ ಒತ್ತಿದ್ವಿ. ನಾಲ್ಕು ಜನ, ಸರದಿ ಮೇಲೆ. ಪಕ್ಕೆಲುಬು ಮುರಿದಿದ್ದು ನನ್ನ ಕೈಯಡೀಲಿ. ಆದ್ರೆ ಗಾಜು ಖಾಲಿ ಇತ್ತು. ಅಲ್ಲಿ ಬೆನ್ನು ಕೊಟ್ಟು ನಿಲ್ಲೋನು ಹಾಸಿಗೆ ಮೇಲಿದ್ದ. ಬೇರೆಯವರನ್ನ ನಿಲ್ಲಿಸೋದು ನಮಗೆ ಯಾರಿಗೂ ಹೊಳೀಲಿಲ್ಲ. ಪ್ರತಿ ಸಲ ತಲೆ ಎತ್ತಿದಾಗ್ಲೂ ನೋಡಿದೀನಿ. ನನಗೆ ಕಂಡಿದ್ದು ನಿಮ್ಮ ಜಡೆ."

*

ಗಾಜು ಖಾಲಿಯಿತ್ತು. ಅವಳಿಗೂ ಗೊತ್ತಿತ್ತು.

ಅವನು ಹೋದ ದಿನ, ನಾಲ್ಕು ಗಂಟೆಯ ಭೇಟಿಯ ಹೊತ್ತು. ಕೈಯಲ್ಲಿ ಪಾಸಿತ್ತು. ಬಾಗಿಲು ಮುಚ್ಚಿದ ಮೇಲೆ ಗಾಜಿನಲ್ಲಿ ಮೊದಲು ಕಂಡದ್ದು ಅವನ ಪಾದ. ಒತ್ತಿದಂತೆಲ್ಲ ಪಾದಗಳೆರಡೂ ಕುಣಿಯುತ್ತಿದ್ದವು. ಅವಳು ತಿರುಗಿ, ಬಾಗಿಲಿಗೆ ಒರಗಿ, ಎದುರುಗೋಡೆಯ ಮೇಲೆ ಬರೆದದ್ದನ್ನು ಓದಿದಳು. ಭೇಟಿಯ ಸಮಯ. ಇಬ್ಬರಿಗೆ ಮಾತ್ರ. ಕೈ ತೊಳೆದು ಬನ್ನಿ. ಮತ್ತೆ ಮೊದಲಿನಿಂದ ಓದಿದಳು. ಬೆನ್ನಿಗೆ ತಾಗಿದ ಬಾಗಿಲು ತೆರೆಯುವ ತನಕ ಓದಿದಳು.

*

"ಯಾರು ಬರೋದು ಬನ್ನಿ," ಎಂದು ಒಲೆಯವನು ಕೂಗಿದ. ಅವನ ಹಿಂದೆ ಕಬ್ಬಿಣದ ಬಾಗಿಲು ಅರ್ಧ ತೆರೆದಿತ್ತು. ಅದರಲ್ಲೂ ಒಂದು ಗಾಜು.

ಭಾವ ಅತ್ತೆಯ ತೋಳು ಹಿಡಿದು ಎಬ್ಬಿಸಿದರು. ಅಷ್ಟರಲ್ಲಿ ಅವಳು ಅತ್ತೆಯ ಇನ್ನೊಂದು ಪಕ್ಕಕ್ಕೆ ಬಂದಿದ್ದಳು. ಅತ್ತೆಯ ಮುಷ್ಟಿಯಲ್ಲಿ ಕಿತ್ತ ಹಿಡಿಕೆ ಇನ್ನೂ ಇತ್ತು. ಅತ್ತೆ ಅವಳನ್ನು ನೋಡಿದರು, ದೊಡ್ಡ ಮಗನನ್ನು ನೋಡಿದರು.

"ಅವಳೂ ಬರ್ಲಿ. ಬಿದ್ರೆ ಬೀಳ್ತಾಳೆ. ಹೊತ್ಕೊಂಡು ಬರೋಕೆ ನೀನು ಆಚೆ ಇರ್ತೀಯಲ್ಲ."

"ಅಮ್ಮಾ, ನಾನು ಅಣ್ಣ ಕಣಮ್ಮಾ!"

ಅತ್ತೆ ಸೊಸೆ ಇಬ್ಬರೂ ಹೊಸ್ತಿಲು ದಾಟಿದರು. ಭಾವ ಹಿಂದೆಯೇ ನುಗ್ಗಿದರು. ಹೊಸ್ತಿಲಲ್ಲಿ ಅವರಿಗೆ ಯಾರದೋ ಕಾಲು ಅಡ್ಡ ಬಂತು.

"ಇಬ್ಬರಾಯ್ತು," ಎಂದಳು ಹೊಲಿಗೆಯವಳು. "ಹೋಗಿ ಕೂತ್ಕೊಳ್ಳಿ. ಹತ್ತು ನಿಮಿಷ."

ಬಾಗಿಲು ಮುಚ್ಚಿತು.

ಒಳಗೆ ಬಿಸಿಯಿತ್ತು. ಹಳಿಗಳ ಮೇಲೆ ಅವನಿದ್ದ. ಒಲೆಯವನು ಸನ್ನೆಗೋಲಿಗೆ ಕೈಹಾಕಿದ. ಅತ್ತೆ ಥಟ್ಟನೆ ಮುಂದೆ ಬಂದು ಅವನ ಮಣಿಕಟ್ಟು ಹಿಡಿದುಕೊಂಡರು.

"ಬೇಡಪ್ಪಾ. ಸುಡುತ್ತೆ ಅವನಿಗೆ."

ಒಲೆಯವನು ಕಾದ. ಅವನಿಗೆ ಇದು ಹೊಸದಲ್ಲ.

ಅವಳು ಹೋಗಿ ಅತ್ತೆಯ ಬೆರಳುಗಳನ್ನು ಬಿಡಿಸಿದಳು. ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು. ಅತ್ತೆ ಅವಳ ಕೈಗೆ ಉಗುರೂರಿದರು. ಅವಳು ಬಿಡಲಿಲ್ಲ. ಐದೂ ಬಿಡಿಸಿ, ಆ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಆಮೇಲೆ ಹಳಿಯ ಕಡೆ ಬಗ್ಗಿದಳು.

"ಈಗ ಒಳಗೆ ತಳ್ತಾರೆ," ಎಂದಳು. "ಬಿಸಿ ಇರುತ್ತೆ."

ಸನ್ನೆಗೋಲು ಇಳಿಯಿತು. ಹಳಿ ಸದ್ದು ಮಾಡಿತು. ಅವಳು ಪಾದಗಳನ್ನೇ ನೋಡುತ್ತಿದ್ದಳು, ಅವು ಕಾಣದಾಗುವ ತನಕ.

ಹೊರಗೆ ಭಾವ ಬಾಗಿಲು ಬಡಿಯುತ್ತಿದ್ದರು. ಗಾಜಿನ ತುಂಬ ಹೊಲಿಗೆಯವಳ ಬೆನ್ನು. ಆಚೆಯಿಂದ ತಳ್ಳಿದಾಗಲೆಲ್ಲ ಕೊರಳಿಂದ ಜೋತ ಟೇಪಿನ ತುದಿ ಗಾಜಿಗೆ ತಾಗಿ ಅಲ್ಲಾಡುತ್ತಿತ್ತು. ಬೆನ್ನು ಕದಲಲಿಲ್ಲ.