ಸೈಫುಲ್ಲಾನ ಹೆಸರಿಗೊಂದು ಫಾತಿಹಾ

ಹುಣಸೂರಿನ ಮರದಂಗಡಿ ಜಬ್ಬಾರ್ ಸಾಬರಿಗೆ ಎಂಬತ್ತು ದಾಟಿದರೂ ನಾಲಿಗೆಯ ಹರಿತ ಮಾತ್ರ ಉಳಿಗಿಂತ ಒಂದು ಕೈ ಮೇಲೆ. ಅದರಲ್ಲೂ ಹೆತ್ತಪ್ಪನ ಮಾತು ಬಂದರೆ ಮುಗಿಯಿತು. ಅಪ್ಪ ಸೈಫುಲ್ಲಾ ಬಡಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಿನ ಹಡಗಿನ ಕೆಲಸಕ್ಕೆಂದು ಹೋದವನು ಮಗನ ಮುಖವನ್ನೂ ನೋಡದೆ ನಾಪತ್ತೆಯಾಗಿದ್ದ. ಬೊಂಬಾಯಿಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡನಂತೆ ಎಂದು ಯಾರೋ ಅಂದರು, ಊರೆಲ್ಲ ಆಡಿತು. ಜನ ಮರುಳೋ ಜಾತ್ರೆ ಮರುಳೋ, ಮಗನೂ ಅದನ್ನೇ ನಂಬಿ ಬೆಳೆದ.

ತಾಯಿ ಆಮಿನಾಬಿ ನಂಬಲಿಲ್ಲ. ಪ್ರತಿ ಶಬೇ ಬರಾತ್‌ಗೆ ಹಲ್ವಾ ಮಾಡಿಟ್ಟು, ತೀರಿಕೊಂಡವರ ಹೆಸರೆತ್ತಿ ಫಾತಿಹಾ ಓದುವಾಗ, "ನಿನ್ನ ಅಬ್ಬಾ ಹೆಸರಿಗೂ ಒಂದು ಓದಪ್ಪ" ಎಂದು ಅಂಗಲಾಚುತ್ತಿದ್ದಳು.

"ಬೊಂಬಾಯಲ್ಲಿ ಬಿರಿಯಾನಿ ತಿಂತಾ ಕೂತಿರೋನಿಗೆ ಯಾವ ಫಾತಿಹಾ? ಬದುಕಿರೋರಿಗೆ ಓದಕಾಯ್ತದಾ?" ಎಂದು ಜಬ್ಬಾರ್ ತಟ್ಟೆ ಸರಿಸುತ್ತಿದ್ದರು. ಎಲುಬಿಲ್ಲದ ನಾಲಿಗೆ! ಪ್ರಾಣ ಹೋಗುವಾಗಲೂ ಆಕೆ ಅದನ್ನೇ ಕೇಳಿದಳು. ಆಗಲೂ ಒಲ್ಲೆ ಎಂದರು.

ಮೊನ್ನೆ ಮೊಮ್ಮಗಳು ಫರ್ಹತ್‌ಳನ್ನು ನೋಡಲು ವಿರಾಜಪೇಟೆಯಿಂದ ಗಂಡಿನ ಕಡೆಯವರು ಬಂದರು. ಹುಡುಗನ ಅಜ್ಜ ಮೂಸಾ ಹಾಜಿಯವರ ಮನೆಮಾತು ಮಲಯಾಳ, ಇವರದು ಉರ್ದು. ಹಾಗಾಗಿ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಚಹಾ ಕುಡಿಯುತ್ತಾ ಹಾಜಿ ಕೇಳಿದರು: "ಈ ಊರಲ್ಲಿ ಬಡಗಿ ಸೈಫುಲ್ಲಾ ಅಂತ ಇದ್ದರಂತೆ. ಎಡಗೈ ಹೆಬ್ಬೆರಳಿಲ್ಲದವರು. ಅವರ ಕಡೆಯವರು ಯಾರಾದ್ರೂ ಇದ್ದಾರಾ?"

ಜಬ್ಬಾರ್ ಚಹಾದ ಲೋಟ ಕೆಳಗಿಟ್ಟರು. ಆ ಹೆಬ್ಬೆರಳಿನ ಸಂಗತಿಯನ್ನು ತಾಯಿ ಎಷ್ಟೋ ಸಲ ಹೇಳಿದ್ದಳು.

"ಯುದ್ಧದ ಕಾಲದಲ್ಲಿ ಅವರಿದ್ದ ಹಡಗಲ್ಲೇ ನಮ್ಮ ಉಪ್ಪಾ, ಅಂದ್ರೆ ನಮ್ಮ ತಂದೆ, ಕೆಲಸಕ್ಕಿದ್ರು," ಹಾಜಿ ಮುಂದುವರಿಸಿದರು. "ಶತ್ರುಗಳ ಜಲಾಂತರ್ಗಾಮಿ ನೀರೊಳಗಿಂದ ಹೊಡೀತು. ದೋಣೀಲಿ ಒಬ್ಬರಿಗಷ್ಟೇ ಜಾಗ ಉಳಿದಿತ್ತು. 'ನೀನಿನ್ನೂ ಚಿಕ್ಕವನು, ಹತ್ತು' ಅಂತ ಉಪ್ಪಾನ್ನ ದೋಣಿಗೆ ಎತ್ತಿಹಾಕಿ, ಅವರು ಹಡಗಿನ ಜೊತೆಗೇ ಮುಳುಗಿದರಂತೆ. 'ಆ ಮನುಷ್ಯನ ಜಾಗದಲ್ಲಿ ನಾನು ಬದುಕಿದೀನಿ, ಅವರ ಮನೆಗೆ ಯಾವ ಮುಖ ಹೊತ್ತು ಹೋಗಲಿ' ಅಂತ ಉಪ್ಪಾ ಕೊನೇವರೆಗೂ ಇಲ್ಲಿಗೆ ಬರಲಿಲ್ಲ. ಬರಾತ್‌ಗೆ ನಮ್ಮನೇಲಿ ಮೊದಲ ಫಾತಿಹಾ ಇವತ್ತಿಗೂ ಅವರಿಗೇ."

ಗೊತ್ತಿಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಬೀಗರ ಮುಂದೆ ಮಾನವೂ ಉಳಿಯುತ್ತಿತ್ತು. ಜಬ್ಬಾರರಿಗೆ ಹಾಗೆನ್ನಲು ಬಾಯಿ ಬರಲಿಲ್ಲ. "ಅವರ ಮಗ ನಾನೇ" ಎಂದರು.

ಹಾಜಿ ಎದ್ದು ಬಂದು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ಹೆತ್ತ ಮಗ ಇಷ್ಟು ವರ್ಷ ಓದಿರೋದರ ಮುಂದೆ ನಮ್ಮ ಫಾತಿಹಾ ಯಾವ ಲೆಕ್ಕ!"

ಜಬ್ಬಾರ್ ನಾಚಿಕೆಯಿಂದ ಕುಗ್ಗಿಹೋಗಿ ಕೈ ಕಿತ್ತುಕೊಂಡರು.

"ಓದಿಲ್ಲ ಕಣ್ರೀ. ಒಂದು ದಿನಾನೂ ಓದಿಲ್ಲ. ನಮ್ಮಮ್ಮ ಬೇಡ್ಕಂಡು ಬೇಡ್ಕಂಡೇ ಸತ್ಲು."