ಬಿಜಾಪುರಕ್ಕೊಂದು ಬಾವಿ

ನಾವು ಕಟ್ಟಿದ ರಾಜ್ಯಗಳ ಆಟದಲ್ಲಿ ಬಿಜಾಪುರಕ್ಕೆ ಲೂಟಿಯೊಂದನ್ನು ಬಿಟ್ಟು ಬೇರೆ ಶಕ್ತಿ ಕೊಟ್ಟಿರಲಿಲ್ಲ. ನಿಯಮ ಬರೆದವನು ನಾನು.

೧೯೮೪ರ ಮಾತು. ನಾನು ನವಲಗುಂದದಲ್ಲಿ ಇತಿಹಾಸದ ಮಾಸ್ತರ. ಮಕ್ಕಳು ಇಸವಿ ಬಾಯಿಪಾಠ ಮಾಡಿ ಸಾಯುವುದನ್ನು ನೋಡಲಾರದೆ ನಮ್ಮ ಓದುಬಳಗದವರು ಪಗಡೆಯಂಥ ಆಟವೊಂದನ್ನು ಮಾಡಿದ್ದೆವು. ನಾಲ್ಕು ರಾಜ್ಯ, ಉರುಳಿಸಲು ಕವಡೆ, ಧಾನ್ಯದ ಬದಲು ಹುಣಸೆಬೀಜ. ಚಾಲುಕ್ಯರಿಗೆ ಕೆರೆ: ಸರದಿಗೆ ಎರಡು ಬೀಜ. ವಿಜಯನಗರಕ್ಕೆ ಪೇಟೆ, ಪೇಶ್ವೆಗೆ ಕುದುರೆ. ಬಿಜಾಪುರ ಬೇರೆಯವರ ಬೀಜ ಕಸಿಯಬಹುದು, ತಾನು ಬೆಳೆಯುವಂತಿಲ್ಲ.

ಆಟದ ಹಾಸು ನೇಯಲು ಒಪ್ಪಿದವರು ಜಮಖಾನ ನೇಯುವ ಹೆಣ್ಣುಮಗಳು ಖೈರುನಬಿ.

"ಆಡದ ಹೆಂಗ ನೇಯಲ್ರಿ ಮಾಸ್ತರ? ಮನಿ ಎಲ್ಲಿ ಬರತಾವ ಅಂತ ಕೈಗೆ ಗೊತ್ತಾಗಬೇಕಲ್ಲ" ಎಂದು ಮಗ್ಗದ ಬಾಜೂ ನೆಲದ ಮೇಲೆ ಸುಣ್ಣದಲ್ಲಿ ಗೀರಿ ಕೂತರು. ನಾನು ಚಾಲುಕ್ಯ. ಅವರಿಗೆ ಬಿಜಾಪುರ ಕೊಟ್ಟೆ. ಕೇಳದೆ ಕೊಟ್ಟೆ.

ಹನ್ನೊಂದು ಆಟ ಸೋತರು. ಹನ್ನೆರಡನೆಯದಕ್ಕೆ ಕವಡೆ ಕೆಳಗಿಟ್ಟರು.

"ನಿಮ್ಮ ಚಾಲುಕ್ಯರ ಕೆರಿಯಾಗ ಹೂಳು ತುಂಬೂದಿಲ್ಲೇನ್ರಿ?"

"ಆಟ ಐತ್ರಿ ಅಕ್ಕಾರ."

"ನಮ್ಮೂರ ಕೆರಿ ಹೂಳು ಹೊತ್ತು ನಮ್ಮವ್ವನ ನೆತ್ತಿ ಸವದೈತಿ. ನಿಮ್ಮ ರಾಜ ನೋಡ್ರಿ, ಪುಕ್ಕಟ ನೀರು ಕುಡ್ಯಾಕತ್ತಾನ!"

ನಕ್ಕೆ. ಆಮೇಲೆ ನಗು ನಿಂತಿತು. ಐದು ವರ್ಷ ಬಳಗದಲ್ಲಿ ದುಡಿಯುವವರ ಬಗ್ಗೆ ಭಾಷಣ ಬಿಗಿದವನು ನನ್ನ ಕೆರೆಯಲ್ಲಿ ಬುಟ್ಟಿ ಹೊರುವ ಒಬ್ಬಳನ್ನೂ ಇಟ್ಟಿರಲಿಲ್ಲ.

"ಬಿಜಾಪುರಕ್ಕ ಹೋಗೀರೇನು?"

"ಹುಡುಗರನ್ನ ಕರಕೊಂಡು ಹೋಗಿದ್ದೆ. ಗೋಳಗುಮ್ಮಟದಾಗ ಕೂಗಿಸಿ ಬಂದೆ."

"ಕೂಗಿ ಬಂದ್ರಿ, ಬಾವಿ ನೋಡಲಿಲ್ಲ. ನಮ್ಮಜ್ಜಿ ಆ ಊರಾಕಿ. ನೆಲದ ಬುಡಕ ಕಾಲುವಿ ತೋಡಿ ಊರಿಗೆಲ್ಲ ನೀರು ಹರಿಸಿದ್ರಂತ. ಅದನ್ನೂ ಬರೀರಿ."

ಆ ವಾರ ನಿಯಮ ಬದಲಾದವು. ಕೆರೆ ಇದ್ದವನು ನಾಲ್ಕು ಸರದಿಗೊಮ್ಮೆ ನಡೆ ಬಿಟ್ಟು ಹೂಳು ತೆಗೆಯಬೇಕು. ಬಿಜಾಪುರಕ್ಕೆ ಬಾವಿ: ಉಳಿದವರು ನೀರಿಲ್ಲದೆ ಹಿಂದೆ ಸರಿಯುವ ಬೇಸಿಗೆಯಲ್ಲೂ ಅದರ ದಂಡು ನಿಲ್ಲಬಹುದು.

"ಹಂಗಾದ್ರ ನಿಮ್ಮ ಕಡೀನ ಭಾರ ಆತಲ್ರಿ" ಎಂದೆ.

ಖೈರುನಬಿ ನೂಲು ಸುತ್ತುತ್ತ ಯೋಚಿಸಿದರು. "ವೈರಿ ಬಂದ್ರೂ ಬಾವಿ ನೀರು ಇಲ್ಲ ಅನ್ನಂಗಿಲ್ಲ. ಅಲ್ಲಿಗೆ ಸಮ ಆತು."

ಲೂಟಿಯನ್ನು ನಾಲ್ವರಿಗೂ ಹಂಚಿದೆವು. ಯಾವ ರಾಜ ಮಾಡಿಲ್ಲ? ಬಳಗದವರೆಲ್ಲ ಇಪ್ಪತ್ತು ಆಟ ಆಡಿದರೂ ಚಾಲುಕ್ಯ, ವಿಜಯನಗರ, ಬಿಜಾಪುರ ಈ ಮೂವರಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಲು ಬರಲಿಲ್ಲ. ಪೇಶ್ವೆ ಮಾತ್ರ ಸೋಲುತ್ತಲೇ ಇದ್ದ. ಅವನಿಗೆ ಮದ್ದು ಇನ್ನೂ ಸಿಕ್ಕಿಲ್ಲ.

ಕಾಲೇಜು ಕಲಿಸದ್ದನ್ನು ಆ ಮಗ್ಗದ ಬಾಜೂ ಕೂತು ಕಲಿತೆ. ಇವತ್ತಿಗೂ ಯಾವ ರಾಜನ ಕತೆ ಓದಿದರೂ ಮಣ್ಣು ಹೊತ್ತವರು ಯಾರೆಂದು ಮೊದಲು ಹುಡುಕುತ್ತೇನೆ. ಆ ಚಟ ಹಚ್ಚಿದ ಕೈಗೆ ಶರಣು.

ನೇಯ್ದ ಹಾಸನ್ನು ತಾಲೂಕಿನ ಸಾಲಿ ಕಮಿಟಿ ಚೇರ್ಮನ್ ಬಸವಣ್ಣೆಪ್ಪನವರ ಪಡಸಾಲೆಯಲ್ಲಿ ಹಾಸಿದೆವು. ನಿಯಮಗಳನ್ನು ಅಚ್ಚು ಹಾಕಿಸಿ ನಲವತ್ತು ಸಾಲಿಗಳಿಗೆ ಆಟ ಕಳಿಸುವವರು ಅವರೇ. ಬೇರೆ ಯಾರೂ ಇರಲಿಲ್ಲ.

"ಅಗದಿ ಚಂದ ಆಗೇತ್ರಿ ಮಾಸ್ತರ. ಈ ಬಾವಿ ಒಂದು ತಗದು ಮೊದಲಿನಂಗ ಲೂಟಿ ಹಾಕ್ರಿ. ವೈರಿ ಯಾರು ಅಂತ ಹುಡುಗರಿಗೆ ತಿಳೀಬೇಕಲ್ಲ. ಒಂದ ಸಾಲು, ಬರದು ಬಿಡ್ರಿ."

ನಿಯಮದ ಹಾಳೆ ನನ್ನ ಮುಂದೆ ಸರಿಸಿ ಪೆನ್ನು ಬಿಚ್ಚಿ ಕೊಟ್ಟರು. ಖೈರುನಬಿ ಬಾಗಿಲ ಬಳಿ ನಿಂತಿದ್ದರು.

ಪೆನ್ನಿಗೆ ಟೊಪ್ಪಿಗೆ ಹಾಕಿ ಚೇರ್ಮನ್ನರ ಕೈಗೇ ಕೊಟ್ಟೆ.

"ನಾ ಬರಿಯೂದಿಲ್ರಿ."