ಹೊಗೆಗಂಟೆಗೆ ಕಟ್ಟಿದ ಚೀಲ

"ಏಯ್ ಮಲ್ಲವ್ವ, ಅಲ್ಲೇ ನಿಂತ್ಕೋ! ಒಳಗೆ ಕಾಲಿಟ್ಟೀಯ ಮತ್ತೆ! ಪುಣ್ಯಾಹ ಆಗಿದೆ, ಕಣ್ಣು ಕಾಣಲ್ವಾ ನಿಂಗೆ?"

ಸರೋಜಮ್ಮ ಕೂಗಿದಾಗ ನನ್ನ ಒಂದು ಕಾಲು ಆಗಲೇ ಹೊಸ್ತಿಲ ಒಳಗಿತ್ತು. ತಟಕ್ಕನೆ ಹಿಂದಕ್ಕೆ ಎಳೆದುಕೊಂಡೆ. ಬಕೆಟ್ಟಿನ ನೀರು ನನ್ನ ಸೀರೆಯ ಮೇಲೆಯೇ ಚೆಲ್ಲಿತು. ಆ ದೊಡ್ಡ ಕೋಣೆಯನ್ನು ಬೆಳಗಿನಿಂದ ಮೊಣಕಾಲೂರಿ ತಿಕ್ಕಿದವಳು ನಾನು. ಗೋಡೆಗೆ ಬಣ್ಣ ಬಳಿದವನು ನನ್ನ ಗಂಡ ದಾನಪ್ಪ. ಬಣ್ಣ ಒಣಗಿ, ನೆಲ ಹೊಳೆಯುವವರೆಗೂ ನಮ್ಮಲ್ಲಿ ಯಾವ ಮೈಲಿಗೆಯೂ ಇರಲಿಲ್ಲ. ಹೂಸ್ಟನ್ನಿನಿಂದ ಭಟ್ಟರು ಕಾರಿನಲ್ಲಿ ಬಂದಿಳಿದರು, ನಾವು ಹೊಲೆಯರಾದೆವು.

ಅದು ಅಮೆರಿಕದ ಟೆಕ್ಸಾಸಿನ ಅಲೆನ್ ಊರಿನಲ್ಲಿ ಮುಚ್ಚಿಹೋದ ಒಂದು ಸೋಫಾ ಅಂಗಡಿ. ಸರೋಜಮ್ಮನ ಗಂಡ ವೆಂಕಟಗಿರಿ ಸಾಹೇಬರು ಅದನ್ನು ಶಾಲೆ ಮಾಡುತ್ತಿದ್ದರು. ಸರ್ಕಾರ ದುಡ್ಡು ಕೊಡುತ್ತದೆ, ಇವರು ನಡೆಸುತ್ತಾರೆ. ಚಾರ್ಟರ್ ಸ್ಕೂಲ್ ಎಂದು ಅದರ ಹೆಸರು. ಅದಕ್ಕೆ ಮೊದಲು ಆಸ್ಟಿನ್‌ನ ದೊಡ್ಡ ಸರ್ಕಾರಿ ಆಫೀಸು ಒಪ್ಪಬೇಕು. ಆಮೇಲೆ ಊರಿನ ಆಫೀಸಿನವರು ಬಂದು ಕಟ್ಟಡ ನೋಡಬೇಕು, ಬೆಂಕಿ ಬಿದ್ದರೆ ಮಕ್ಕಳು ಉಳಿಯುತ್ತವೆಯೇ ಎಂದು ಪರೀಕ್ಷಿಸಬೇಕು. ಆಸ್ಟಿನ್ ಒಪ್ಪಿಯಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಊರಿನ ಪರವಾನಗಿ ಒಂದು ಬಾಕಿ ಇತ್ತು.

ಆಸ್ಟಿನ್ ಒಪ್ಪಿದ್ದರಲ್ಲಿ ನಮ್ಮದೂ ಒಂದು ಪಾಲಿದೆ. ಬಡವರ ಮಕ್ಕಳಿಗಾಗಿಯೇ ಈ ಶಾಲೆ ಎಂದು ಸಾಹೇಬರು ಹೇಳಿಕೊಂಡಿದ್ದರು. ಹಾಗಾದರೆ ಬಡವರನ್ನು ತೋರಿಸಬೇಕಲ್ಲ? ಸೌತ್‌ಲೇಕ್‌ನ ಅವರ ಬೀದಿಯಲ್ಲಿ ಬಡವರು ಎಲ್ಲಿ ಸಿಗಬೇಕು? ನಮ್ಮಿಬ್ಬರಿಗೆ ಶಾಲೆಯ ಹೆಸರಿನ ಅಂಗಿ ತೊಡಿಸಿ, ನಮ್ಮ ಮಗಳು ಪ್ರಗತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಆಸ್ಟಿನ್‌ಗೆ ಕರೆದೊಯ್ದರು. ಅಲ್ಲಿ ಅಧಿಕಾರಿಗಳ ಮುಂದೆ ನಾನು ಎದ್ದು ನಿಂತು, "ನನ್ನ ಮಗಳು ಶಾಣ್ಯಾ ಅದಾಳ್ರಿ. ಛಲೋ ಸಾಲಿ ಬೇಕ್ರಿ," ಎಂದೆ. ಸಾಹೇಬರ ಅಣ್ಣನ ಮಗ ದುಷ್ಯಂತ್ ಅದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದ, ಹೇಳುತ್ತಲೇ ಇದ್ದ. ಅಧಿಕಾರಿಗಳಲ್ಲೊಬ್ಬಳು ಕಣ್ಣು ಒರೆಸಿಕೊಂಡಳು. ವಾಪಸು ಬರುವಾಗ ಪ್ರಗತಿ ನನ್ನ ಕಿವಿಗೆ ಬಾಯಿಟ್ಟು, "ಅವ್ವಾ, ಯೂ ಡಿಡಂಟ್ ಸೇ ದಟ್," ಎಂದಳು. ಅವಳಿಗೆ ಎಂಟು ವರ್ಷ. ನಮ್ಮ ಮಾತೂ ಬರುತ್ತದೆ, ಅವರ ಮಾತೂ ಬರುತ್ತದೆ.

ನಾವು ಸಿಂದಗಿ ಕಡೆಯವರು. ಸಾಹೇಬರು ಒಂದು ಹೋಟೆಲು ತೆಗೆದಾಗ, ಜೋಳದ ರೊಟ್ಟಿ ಬಡಿಯಲು ದಾನಪ್ಪನನ್ನು ಅಡುಗೆಯವನೆಂದು ಕರೆಸಿಕೊಂಡರು. ಆ ರೊಟ್ಟಿಗೆ ಜನ ಕ್ಯೂ ನಿಲ್ಲುತ್ತಿದ್ದರು, ಯಾರೂ ಜಾತಿ ಕೇಳಲಿಲ್ಲ. ಹೋಟೆಲು ಮುಚ್ಚಿತು. ವೀಸಾ ಸಾಹೇಬರ ಕೈಯಲ್ಲೇ ಉಳಿಯಿತು. ಶಾಲೆ ತೆರೆದರೆ ಅಲ್ಲಿನ ಅಡುಗೆಮನೆಗೆ ದಾನಪ್ಪನನ್ನು ಹಾಕಿ ವೀಸಾ ಮುಂದುವರಿಸುತ್ತೇನೆ ಎಂದಿದ್ದರು. ಇಲ್ಲವಾದರೆ ನಾವು ಗಂಟುಮೂಟೆ ಕಟ್ಟಬೇಕು. ನನಗಂತೂ ಈ ದೇಶದಲ್ಲಿ ಕೆಲಸ ಮಾಡುವ ಹಕ್ಕೇ ಇಲ್ಲ. ಆದರೂ ಅವರ ಮನೆಯ ಕಕ್ಕಸಿನಿಂದ ಈ ಶಾಲೆಯ ನೆಲದವರೆಗೆ ತಿಕ್ಕುತ್ತೇನೆ. ಅದಕ್ಕೆ ಸರೋಜಮ್ಮ ಸೇವೆ ಎಂದು ಹೆಸರಿಟ್ಟಿದ್ದಾರೆ.

ಅಂದು, ಕಟ್ಟಡದ ಪರೀಕ್ಷೆಯ ಹಿಂದಿನ ದಿನ, ವಾಸ್ತು ಹೋಮ. ಆದರೆ ಕೋಣೆಯ ಚಾವಣಿಯ ತುಂಬ ಹೊಗೆಗಂಟೆಗಳು. ಚೂರು ಹೊಗೆ ಎದ್ದರೆ ಸಾಕು, ಊರೆಲ್ಲ ಕೇಳುವ ಹಾಗೆ ಅರಚುತ್ತವೆ, ಅಗ್ನಿಶಾಮಕದ ಗಾಡಿಯೇ ಬಂದು ನಿಲ್ಲುತ್ತದೆ. ಪುಣ್ಯಾಹಕ್ಕೆ ಮೊದಲು ಸಾಹೇಬರೇ ಕೆಳಗೆ ನಿಂತು ಬೆರಳು ತೋರಿಸಿದರು. ದಾನಪ್ಪ ಏಣಿ ಹತ್ತಿ ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲ ತೊಡಿಸಿ ಟೇಪು ಸುತ್ತಿದ. ಆಮೇಲೆ ಅವನನ್ನು ಹೊರಗೆ ಕಳಿಸಿದರು. ಹೋಮ ಮುಗಿಯುವವರೆಗೆ ನಾವು ಮೂವರೂ ಪಾರ್ಕಿಂಗಿನ ಬಿಸಿಲಿನಲ್ಲಿ ನಿಂತಿದ್ದೆವು. ಟೆಕ್ಸಾಸಿನ ಜುಲೈ ಬಿಸಿಲು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಪ್ರಸಾದವನ್ನು ಸರೋಜಮ್ಮ ಮೇಲಿನಿಂದ ಕೈಗೆ ಬಿಟ್ಟರು.

ದಾನಪ್ಪ ಏಣಿ ಹೆಗಲಿಗಿಟ್ಟು ಬಾಗಿಲಿಗೆ ಬಂದ. "ಸಾಹೇಬ್ರ, ಚೀಲ ತಗೀಲೇನ್ರಿ? ನಾಳಿ ಮುಂಜಾನಿ ಅವ್ರು ಬರ್ತಾರಂತಲ್ರಿ."

ಭಟ್ಟರು ಒಳಗಿಂದಲೇ ಕೈ ಅಡ್ಡ ಮಾಡಿದರು. "ಅಗ್ನಿ ತಾನಾಗೇ ಶಾಂತ ಆಗ್ಬೇಕಪ್ಪ. ಬೂದಿ ಎತ್ತೋವರೆಗೂ ಯಾರ್ಯಾರೋ ಒಳಗೆ ಬರೋ ಹಾಗಿಲ್ಲ."

"ಒಂದ್ ಚಣದಾಗ ತಗದ ಬರ್ತೀನ್ರಿ."

"ಹೇಳಿದ್ರೆ ಅರ್ಥ ಆಗಲ್ವೇನೋ ಬೋಳಿಮಗನೆ?" ಸಾಹೇಬರು ರೇಗಿದರು. "ಇಷ್ಟು ಖರ್ಚು ಮಾಡಿ ಹೋಮ ಮಾಡ್ಸಿರೋದು ನೀನು ತುಳಿದು ಹಾಳು ಮಾಡೋಕಾ? ಬೆಳಿಗ್ಗೆ ಬಾ."

ಹಾಗಾದರೆ ಅವರೇ ತೆಗೆಯಬಹುದಿತ್ತು. ಒಳಗೆ ಮಡಿಯುಟ್ಟ ಗಂಡಸರು ಬೇಕಾದಷ್ಟು ಮಂದಿ ಇದ್ದರು. ಆದರೆ ಏಣಿ ಹತ್ತುವುದು ಅವರ ಕೆಲಸವಲ್ಲ, ಆ ಯೋಚನೆ ಅವರ ತಲೆಗೆ ಬರುವುದೇ ಇಲ್ಲ.

ಬೆಳಿಗ್ಗೆ ನಾವು ಬರುವಷ್ಟರಲ್ಲಿ ಬೆಂಕಿ ಇಲಾಖೆಯ ಕೆಂಪು ಗಾಡಿ ರಸ್ತೆಯಿಂದ ಒಳಕ್ಕೆ ತಿರುಗುತ್ತಿತ್ತು. ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು. ದುಷ್ಯಂತ್ ಹೋಮಕುಂಡದ ಇಟ್ಟಿಗೆ, ಬೂದಿ ಎಲ್ಲವನ್ನೂ ಹಿಂಬಾಗಿಲಿನಿಂದ ಹೊತ್ತು ತನ್ನ ಕಾರಿನ ಡಿಕ್ಕಿಗೆ ಸುರಿದ. ಮಡಿ ಎಲ್ಲಿ ಹೋಯಿತೋ! ಆದರೆ ಏಣಿ ತರಲು ಹೊತ್ತಿರಲಿಲ್ಲ.

ಬಂದವಳು ಎತ್ತರದ ಹೆಂಗಸು, ನರೆತ ಕೂದಲು. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. ಆಮೇಲೆ ತಲೆ ಎತ್ತಿ ಚಾವಣಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿದ್ದ ನಗು ಹೋಯಿತು.

ಸಾಹೇಬರು ದಾನಪ್ಪನ ರಟ್ಟೆ ಹಿಡಿದು ಮೂಲೆಗೆ ಎಳೆದರು. ಅವರ ಹಣೆಯ ಮೇಲೆ ಬೆವರು.

"ನೋಡು ದಾನಪ್ಪ, ಹೋಮ ಅಂತ ಗೊತ್ತಾದ್ರೆ ಮುಗೀತು. ಆಸ್ಟಿನ್‌ಗೂ ರಿಪೋರ್ಟ್ ಹೋಗತ್ತೆ, ಸ್ಕೂಲೂ ಇಲ್ಲ, ಏನೂ ಇಲ್ಲ. ನೀನು ಇಲ್ಲಿ ಸ್ಟವ್ ಇಟ್ಕೊಂಡು ಅಡುಗೆ ಮಾಡ್ದೆ, ಗಂಟೆ ಹೊಡೀಬಾರ್ದು ಅಂತ ನೀನೇ ಮುಚ್ಚಿದೆ. ಅಷ್ಟು ಒಪ್ಕೋ. ಕೆಲಸದವನು, ತಿಳೀದೆ ಮಾಡ್ದ ಅಂತ ಬಿಡ್ತಾರೆ. ನಿನ್ನ ವೀಸಾ ನಾನ್ ನೋಡ್ಕೋತೀನಿ."

"ನನ್ನ ಹೆಸರ ಸರ್ಕಾರದಾಗ ಹಿಂಗ ಬಿದ್ರ ಯಾವ ವೀಸಾ ಉಳೀತೈತ್ರಿ?"

"ಸ್ಕೂಲೇ ಇಲ್ದಿದ್ರೆ ಎಲ್ಲಿಂದ ತರ್ಲಿ ವೀಸಾ? ನಿಮ್ಮಪ್ಪನ ಮನೆಯಿಂದ್ಲಾ?"

ದಾನಪ್ಪನ ದವಡೆ ಬಿಗಿಯಿತು. ನಾನು ಅವನ ಅಂಗಿ ಜಗ್ಗಿದೆ. "ಬಡವನ ಸಿಟ್ಟು ದವಡಿಗೆ ಮೂಲ. ಹೂಂ ಅಂದಬಿಡು, ನಿನ್ನ ಕಾಲಿಗಿ ಬೀಳ್ತೀನಿ." ಊರಿಗೆ ಹೋದರೆ ಅದೇ ಕೇರಿ, ಹೊಸ್ತಿಲಾಚೆ ನಿಲ್ಲಿಸುವ ಅದೇ ಗೌಡರ ಮನೆ. ಇಲ್ಲಾದರೆ ಮಗಳಾದರೂ ಕುರ್ಚಿಯ ಮೇಲೆ ಕೂತು ಕಲಿಯುತ್ತಾಳೆ.

ಆ ಹೆಂಗಸು ನಮ್ಮ ಬಳಿಗೆ ಬಂದು ದಾನಪ್ಪನನ್ನೇ ಏನೋ ಕೇಳಿದಳು. ದನಿ ಗಡುಸಾಗಿರಲಿಲ್ಲ. "ಯಾರು ಮುಚ್ಚಿದ್ದು, ಯಾಕೆ ಅಂತ ಕೇಳ್ತಿದಾರೆ," ಎಂದ ದುಷ್ಯಂತ್.

ದಾನಪ್ಪ ದುಷ್ಯಂತನ ಕಡೆ ತಿರುಗಲಿಲ್ಲ. ಅವಳ ಮುಖ ನೋಡಿಯೇ ನಮ್ಮ ಮಾತಿನಲ್ಲಿ ಹೇಳಿದ.

"ಮುಚ್ಚಿದ ಕೈ ನಂದ ಐತ್ರಿ ಬಾಯಾರ. ಮುಚ್ಚಲೇ ಅಂದ ಬಾಯಿ ಇವರ್ದು. ಹೋಮಾ ಮಾಡ್ಯಾರ್ರಿ ಇಲ್ಲಿ. ತಗೀತೀನಿ ಅಂತ ಬಂದ್ರ, ನಮ್ಮ ಕುಲ ಹೊಲಸ ಅಂತ ಬಾಗಲದಾಗ ನಿಂದ್ರಿಸಿದ್ರು."

ಸರೋಜಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಆ ಹೆಂಗಸು ದುಷ್ಯಂತನ ಕಡೆ ನೋಡಿದಳು.

ದುಷ್ಯಂತ್ ಗಂಟಲು ಸರಿಮಾಡಿಕೊಂಡು ನಿಧಾನವಾಗಿ, ಮರುಕದಿಂದ ಹೇಳಿದ. ನನಗೆ ಇಂಗ್ಲಿಷು ಬಾರದು. ಆದರೆ 'ಕುಕಿಂಗ್' ಗೊತ್ತು, 'ಲಂಚ್' ಗೊತ್ತು, 'ಸಾರಿ' ಗೊತ್ತು. ಮೂರೂ ಅವನ ಮಾತಿನಲ್ಲಿದ್ದವು. ನನ್ನ ಗಂಡನ ಮಾತಿನಲ್ಲಿ ಒಂದೂ ಇರಲಿಲ್ಲ.

ಆ ಹೆಂಗಸು ತಲೆಯಾಡಿಸಿದಳು. ದಾನಪ್ಪನ ಹೆಗಲು ತಟ್ಟಿ, ಬೆಂಕಿ ಎಂದರೆ ಎಂಥ ಅಪಾಯ ಎಂದು ಕೈಸನ್ನೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ದಾನಪ್ಪ ಅವಳ ಮುಖ, ದುಷ್ಯಂತನ ಮುಖ ನೋಡುತ್ತ ನಿಂತ. ಹೇಳಬೇಕಾದದ್ದನ್ನೆಲ್ಲ ಅವನು ಹೇಳಿ ಮುಗಿಸಿದ್ದ.

ಪ್ರಗತಿ ನನ್ನ ಪಕ್ಕದಲ್ಲೇ ಇದ್ದಳು. ಅವಳಿಗೆ ಎರಡೂ ಅರ್ಥವಾಗಿದ್ದವು. ಒಂದು ಹೆಜ್ಜೆ ಮುಂದಿಟ್ಟು, ಬೆರಳು ಚಾಚಿ, "ನೋ! ಮೈ ಡ್ಯಾಡ್ ಡಿಡಂಟ್—" ಎಂದಳು.

ಆ ಹೆಂಗಸು ಥಟ್ಟನೆ ಇತ್ತ ತಿರುಗಿದಳು. ವೆಂಕಟಗಿರಿ ಸಾಹೇಬರೂ ತಿರುಗಿದರು. ಅವರು ನೋಡಿದ್ದು ಮಗಳನ್ನಲ್ಲ, ನನ್ನನ್ನು.

ನಾನು ಹಿಂದಿನಿಂದ ಮಗಳನ್ನು ಅವುಚಿಕೊಂಡು ಅವಳ ಬಾಯಿ ಮುಚ್ಚಿದೆ. ಆ ಹೆಂಗಸಿನ ಕಡೆ ನೋಡಿ ನಕ್ಕೆ. ಮಕ್ಕಳು, ಏನೋ ಅನ್ನುತ್ತವೆ, ಎಂಬ ಹಾಗೆ. ಅವಳೂ ನಕ್ಕು ಕಾಗದದಲ್ಲಿ ಬರೆಯತೊಡಗಿದಳು.

ಪ್ರಗತಿ ಕೊಸರಾಡಿದಳು. ನನ್ನ ಕಾಲು ಒದ್ದಳು. ಆಮೇಲೆ ಕಚ್ಚಿದಳು. ಹಲ್ಲು ಅಂಗೈಗೆ ಇಳಿಯಿತು, ಬೆರಳ ಸಂದಿಯಲ್ಲಿ ಬಿಸಿ ಬಿಸಿಯಾಗಿ ಇಳಿದದ್ದು ನನ್ನ ರಕ್ತವೋ ಅವಳ ಕಣ್ಣೀರೋ ನೋಡಲಿಲ್ಲ.

ಕೈ ತೆಗೆಯಲಿಲ್ಲ.